ಸೊಂಟಕ್ಕೆ ಕೈ ಹೋದರೆ ಫಾರಂ

ಕಾಕಾ ನಿವೃತ್ತರಾದ ದಿನ ಅವರಿಗಾಗಿ ತಂದ ಕೇಕನ್ನು ಯಾರೋ ಹೊಸಬರು ಮೊಣಕಾಲೆತ್ತರದ ಮೇಜಿನ ಮೇಲೆ ಇಟ್ಟಿದ್ದರು. ಕಾಕಾ ಚಾಕು ಹಿಡಿದು ಕೇಕನ್ನು ನೋಡಿದರು, ಮೇಜನ್ನು ನೋಡಿದರು, ಚಾಕುವನ್ನು ಪಕ್ಕದವರ ಕೈಗೆ ಕೊಟ್ಟರು. ಮೊದಲು ಇದನ್ನು ಸೊಂಟದ ಮಟ್ಟಕ್ಕೆ ತನ್ನಿ, ಆಮೇಲೆ ಕತ್ತರಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, "ಇಷ್ಟ ವರ್ಷ ಗ್ವಾಡಿಗೆ ಪಾಠ ಹೇಳೀನಿ ನೋಡವಾ," ಎಂದರು. ಇಬ್ಬರು ಹುಡುಗರು ಮೇಜು ಎತ್ತಲು ಬಂದರು. ಅವರು ಬೆನ್ನು ಬಗ್ಗಿಸಿದ್ದು ಕಂಡು ಕಾಕಾ ತಡೆದರು. ಮೊಣಕಾಲು ಮಡಿಸುವುದು ಹೇಗೆ, ಉಸಿರು ಬಿಡುವುದು ಯಾವಾಗ ಎಂದು ತೋರಿಸಿಕೊಟ್ಟರು. ಕೇಕು ಕತ್ತರಿಸುವ ಹೊತ್ತಿಗೆ ಎಲ್ಲರ ಕಾಫಿ ಆರಿಹೋಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಪ್ಪಿಗೆ ಪತ್ರ ಎಲ್ಲಿ, ಅದಕ್ಕೆ ನನ್ನ ಸಹಿ ಎಲ್ಲಿ ಎಂದು ಕೇಳುವ ಮನುಷ್ಯ. ಈಗ ಡೆಟ್ರಾಯಿಟ್ ಕಡೆ ಮಗಳ ಮನೆಯಲ್ಲಿದ್ದಾರೆ. ಹೋದ ಚಳಿಗಾಲ ಫೋನ್ ಮಾಡಿದ್ದರು. ಅಲ್ಲಿಯ ಬಡಾವಣೆಯಲ್ಲಿ ಜನ ಹಿಮ ಎತ್ತಲು ಸಲಿಕೆ ಹಿಡಿಯುವ ರೀತಿಯನ್ನು ಕಿಟಕಿಯಿಂದ ನೋಡಿ ನೋಡಿ ತಮಗೆ ಊಟವೇ ಸೇರುತ್ತಿಲ್ಲ ಎಂದು ದೂರಿದರು. ಇಂಥವರ ಬಗ್ಗೆ ಗಂಭೀರವಾಗಿ ಬರೆಯಬೇಕು ಎಂದು ಎರಡು ಸಲ ಕೂತೆ. ಆಗಲಿಲ್ಲ. ಕಣ್ಣ ಮುಂದೆ ಬರುವುದು ಹೊಟ್ಟೆಗೆ ಅಕ್ಕಿ ಚೀಲ ಕಟ್ಟಿಕೊಂಡು ಗೋದಾಮಿನಲ್ಲಿ ಓಡಾಡುತ್ತಿದ್ದ ಕಾಕಾ. ಆ ಚೀಲಕ್ಕೆ ಕಾರಣ ನಾನು. ನನ್ನ ಸೊಂಟ ಎಂದರೆ ಇನ್ನೂ ಸರಿ.

ಷಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನ ಒಂದು ದೊಡ್ಡ ಗೋದಾಮಿನಲ್ಲಿ ಅವರು ಸೇಫ್ಟಿ ಸೂಪರ್‌ವೈಸರ್. ನಾನು ಅದೇ ಗೋದಾಮಿಗೆ ಕಾಂಟ್ರಾಕ್ಟಿನ ಮೇಲೆ ಬಂದ ಪ್ರೋಗ್ರಾಮರ್. ಎರಡು ಸಾವಿರನೇ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂಬ ಭಯ ನನ್ನಂಥ ಸಾವಿರಾರು ಜನರಿಗೆ ಅಮೆರಿಕದ ವೀಸಾ ಕೊಡಿಸಿತ್ತು. ಇಸವಿ ಬಂತು, ಏನೂ ನಿಲ್ಲಲಿಲ್ಲ. ಅದರ ಜೊತೆಗೇ ನನಗೆ ಅಲ್ಲಿ ಇನ್ನೊಂದು ಕೆಲಸ ಇತ್ತು: ಮಾಲಿನ ಪೆಟ್ಟಿಗೆಗಳನ್ನು ಕೈಯಲ್ಲಿ ಬರೆದುಕೊಳ್ಳುವ ಬದಲು ಸ್ಕ್ಯಾನರಿನಲ್ಲಿ ಓದಿಸುವ ಹೊಸ ಸಿಸ್ಟಂ. ಅದನ್ನು ಎರಡು ವರ್ಷದಿಂದ ಬರೆಯುತ್ತಿದ್ದೆ. ಮಾರ್ಚಿನಲ್ಲಿ ಅದು ಶುರುವಾಗಬೇಕಿತ್ತು. ಮೇ ತಿಂಗಳಲ್ಲಿ ನನ್ನ ಹೆರಿಗೆ.

ನಾನು ಗೋದಾಮಿಗೆ ಬಂದ ಮೊದಲ ವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಸಣಕಲು ಮನುಷ್ಯರೊಬ್ಬರು ಬಾಗಿಲಲ್ಲಿ ನಿಂತರು. ಜೇಬಿನಲ್ಲಿ ಎರಡು ಪೆನ್ನು, ಬೆಲ್ಟಿನಲ್ಲಿ ಅಳತೆಯ ಟೇಪು, ಕುತ್ತಿಗೆಯಲ್ಲಿ ಸೀಟಿ. ನಾನು ಫೋನಿಟ್ಟ ಕೂಡಲೇ, "ಕನ್ನಡದವ್ರೇನ್ರಿ?" ಎಂದರು.

"ಹೌದು ಸರ್. ಮೈಸೂರು."

"ನಮ್ದು ರಾಣೆಬೆನ್ನೂರು. ಬಾಳ ಸಂತೋಷ ಆತ್ರಿ. ನಿಮ್ಮ ಕುರ್ಚಿ ಎರಡು ಇಂಚ್ ಇಳಸಬೇಕು."

ಇಳಿಸಿಯೇ ಹೋದರು. ಸರ್ ಅನ್ನಬೇಡಿ, ಕಾಕಾ ಅನ್ನಿ ಎಂದದ್ದೂ ಅವತ್ತೇ. ಆ ಗೋದಾಮಿನಲ್ಲಿ ಮೆಕ್ಸಿಕೋದವರು, ಪೋಲೆಂಡಿನವರು, ಷಿಕಾಗೋದಲ್ಲೇ ಹುಟ್ಟಿದವರು ಎಲ್ಲ ಇದ್ದರು. ನಾನು ಕೂಗುವುದನ್ನು ಕೇಳಿ ಅವರೂ ಕಾಕಾ ಅನ್ನತೊಡಗಿದರು. ಅದು ಅವರ ಹೆಸರೇ ಇರಬೇಕು ಎಂದು ಅನೇಕರು ಕೊನೆಯವರೆಗೂ ನಂಬಿದ್ದರು.

ಕಾಕಾ ಸೊಂಟ ಬಗ್ಗಿಸಿದ್ದನ್ನು ಯಾರೂ ನೋಡಿರಲಿಲ್ಲ. ಪೆನ್ನು ಕೆಳಗೆ ಬಿದ್ದರೆ ಎರಡೂ ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟುಕೊಂಡೇ ಲಿಫ್ಟಿನ ಹಾಗೆ ಕೆಳಗಿಳಿದು, ಪೆನ್ನು ಹಿಡಿದು, ಲಿಫ್ಟಿನ ಹಾಗೆ ಮೇಲೆ ಬರುತ್ತಿದ್ದರು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ. ಪಾದ ಎತ್ತಿಟ್ಟು ಇಡೀ ಮನುಷ್ಯ ತಿರುಗುತ್ತಿದ್ದರು. ಊರಿನಲ್ಲಿದ್ದಾಗ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡಿದ್ದರಂತೆ. "ಹತ್ತಿ ಅಂಡಿಗಿ ಹೊರೂ ಹಮಾಲರು ನಲವತ್ತಕ್ಕ ಮುದುಕರಾಗತಿದ್ರವಾ. ಅವರ ಬೆನ್ನು ನೋಡೀನಿ. ಅದಕ್ಕ ಈ ಹುಚ್ಚು," ಎಂದು ಒಂದೇ ಒಂದು ಸಲ ಹೇಳಿದ್ದರು.

ಆ ಹುಚ್ಚಿನ ಫಲವಾಗಿ ಗೋದಾಮಿನಲ್ಲಿ ಅವರದೊಂದು ಕಾನೂನು ಇತ್ತು. ಯಾರ ಕೈ ಸೊಂಟಕ್ಕೆ ಹೋಯಿತೋ ಅವರಿಗೆ ಫಾರಂ. ಫಾರಂ ಬರೆಸಿಕೊಂಡವರು ಡಾಕ್ಟರ ಚೀಟಿ ತರುವವರೆಗೂ ಮಾಲು ಇರುವ ಜಾಗಕ್ಕೆ ಕಾಲಿಡುವ ಹಾಗಿಲ್ಲ. ಕಾಕಾ ಇದರಲ್ಲಿ ಮುಖ ನೋಡುತ್ತಿರಲಿಲ್ಲ. ಒಮ್ಮೆ ಮೇಲಧಿಕಾರಿಯೊಬ್ಬರು ಬೇರೆ ಊರಿಂದ ಬಂದು ಇಳಿದು, ಕಾರಿನಲ್ಲಿ ಕೂತು ಸಾಕಾಗಿ ಸೊಂಟಕ್ಕೆ ಕೈ ಕೊಟ್ಟು ಮೈ ಮುರಿದರು. ಅವರು ಕಾಫಿ ಕುಡಿಯುವುದರೊಳಗೆ ಫಾರಂ ಬಂದಿತ್ತು.

ಊಟದ ಕೋಣೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡು. ಅಪಘಾತವಿಲ್ಲದೆ ಕಳೆದ ದಿನಗಳು ಎಂದು ಬರೆದು, ಕೆಳಗೆ ಮೂರು ಕೊಕ್ಕೆಗಳಿಗೆ ತಗಡಿನ ಅಂಕಿಗಳನ್ನು ನೇತುಹಾಕುತ್ತಿದ್ದರು. ದಿನಾ ಬೆಳಗ್ಗೆ ಏಳಕ್ಕೆ ಅಂಕಿ ಬದಲಿಸುವ ಅಧಿಕಾರ ಕಾಕಾ ಒಬ್ಬರದೇ. ಕೆಲಸದಲ್ಲಿ ಒಬ್ಬರಿಗೆ ಗಾಯವಾದರೂ ಎಣಿಕೆ ಮತ್ತೆ ಸೊನ್ನೆಯಿಂದ. ಆ ವರ್ಷ ಅದು ಮುನ್ನೂರು ದಾಟಿತ್ತು. ಒಂದು ವರ್ಷ ಪೂರ್ತಿಯಾದರೆ ಎಲ್ಲರಿಗೂ ಒಳಗೆ ಉಣ್ಣೆ ಇರುವ ನೀಲಿ ಜಾಕೆಟ್ಟು ಎಂದು ಕಂಪನಿ ಹೇಳಿತ್ತು. ಜಾಕೆಟ್ಟುಗಳ ಪೆಟ್ಟಿಗೆಗಳು ಮೊದಲೇ ಬಂದೂ ಬಿಟ್ಟಿದ್ದವು. ಎದೆಯ ಮೇಲೆ ಮುನ್ನೂರ ಅರವತ್ತೈದು ಎಂದು ಕಸೂತಿ ಹಾಕಿಸಿ ಆಗಿತ್ತು.

ನನ್ನ ಸೊಂಟ ಹಟ ಹಿಡಿದದ್ದು ನಾಲ್ಕನೇ ತಿಂಗಳ ಕೊನೆಗೆ. ಮೊದಮೊದಲು ಲೊಂಬಾರ್ಡಿನ ಮನೆಯಿಂದ ಹದಿನೈದು ಮೈಲಿ ಡ್ರೈವ್ ಮಾಡಿ ಬಂದು ಇಳಿಯುವಾಗ ಮಾತ್ರ ಒಂದು ಕುಯ್ಯುವ ನೋವು. ಆಮೇಲೆ ನಿಂತರೆ, ಆಮೇಲೆ ಕೂತರೆ, ಕೊನೆಗೆ ಮಗ್ಗುಲಾದರೂ. ಹಾಸಿಗೆಯಲ್ಲಿ ಬೆನ್ನಿಗೊಂದು, ಹೊಟ್ಟೆಗೊಂದು, ಮಂಡಿಗಳ ನಡುವೆ ಒಂದು ಎಂದು ದಿಂಬುಗಳು ಏಳಾದವು. ನನ್ನ ಗಂಡ ಒಂದು ವಾರ ಮಂಚದ ಅಂಚಿನಲ್ಲಿ ಜೋತಾಡಿ, ಎಂಟನೇ ದಿಂಬು ಬಂದಾಗ ಸೋಫಾಕ್ಕೆ ವರ್ಗವಾದರು. ಡಾಕ್ಟರಮ್ಮ ನೋಡಿ ಇದು ಮಾಮೂಲು, ಹೊಟ್ಟೆ ಮುಂದೆ ಬಂದ ಹಾಗೆ ಬೆನ್ನಿನ ಕಮಾನು ಹೆಚ್ಚುತ್ತದೆ, ಕೀಲುಗಳೂ ಸಡಿಲವಾಗುತ್ತವೆ ಎಂದು ವ್ಯಾಯಾಮದ ಒಂದು ಹಾಳೆ ಕೊಟ್ಟರು. ಮಾಮೂಲು ಎಂಬ ಮಾತು ಕೇಳಿ ಅವರ ಮೇಲೆ ನನಗೆ ಬಂದ ಸಿಟ್ಟು ಮಾಮೂಲಿನದಲ್ಲ.

ಅದಕ್ಕಿಂತ ದೊಡ್ಡ ಭಯ ಫಾರಮ್ಮಿನದು. ನನ್ನ ಕೆಲಸವೆಲ್ಲ ಮಾಲಿನ ರ‍್ಯಾಕುಗಳ ನಡುವೆ ಸ್ಕ್ಯಾನರ್ ಹಿಡಿದು ಓಡಾಡಿ ತಪ್ಪು ಹುಡುಕುವುದು. ಅಲ್ಲಿಗೆ ಕಾಲಿಡುವ ಹಾಗಿಲ್ಲ ಎಂದರೆ ನನಗೆ ಅಲ್ಲಿ ಕೆಲಸವೇ ಇಲ್ಲ. ಇನ್ನೊಬ್ಬನನ್ನು ಕಳಿಸುತ್ತಾರೆ. ಅವನು ನನ್ನ ಎರಡು ವರ್ಷದ ಸಿಸ್ಟಮ್ಮನ್ನು ತನ್ನದೆಂದು ಶುರುಮಾಡುತ್ತಾನೆ. ನಾನು ಕೆಲಸವಿಲ್ಲದ ವೀಸಾ ಹಿಡಿದುಕೊಂಡು ಮನೆಯಲ್ಲಿ ದಿಂಬು ಎಣಿಸಬೇಕು. ಹೀಗೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ. ಹಾಗಾಗಿ ಸೊಂಟಕ್ಕೆ ಹೋಗುವ ಕೈಗಳಿಗೆ ಕೆಲಸ ಕೊಟ್ಟೆ. ಎರಡೂ ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದುಕೊಂಡೇ ಓಡಾಡಿದೆ.

ಕ್ರಿಸ್ಮಸ್ಸಿನ ಮುಂಚಿನ ವಾರ ಕಾಕಾ ಹಿಡಿದರು. ರ‍್ಯಾಕಿನ ಮುಂದೆ ನಿಂತಿದ್ದೆ. ಅವರು ಹತ್ತು ಅಡಿ ದೂರದಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯವ್ವಾ, ಮಣಕಾಲು ಲಾಕ್ ಆಗ್ಯಾವು."

"ಇಲ್ಲ ಕಾಕಾ, ಸರಿಯಾಗಿದೀನಿ."

"ಗದ್ದ ಮ್ಯಾಲೈತಿ. ಹೆಗಲು ಹಿಂದೈತಿ. ಕೈಯಾಗಿನ ಬೋರ್ಡ್ ತಲಿಕೆಳಗ ಐತಿ."

ನೋಡಿಕೊಂಡೆ. ಹೌದು, ಕ್ಲಿಪ್‌ಬೋರ್ಡು ತಲೆಕೆಳಗಾಗಿತ್ತು. ಕಾಕಾ ಹತ್ತಿರ ಬಂದರು. ಬಸುರಿ ಎಂಬ ಮಾತು ಅವರ ಬಾಯಲ್ಲಿ ಬರದು. ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಬದಲಿಗೆ ಎದುರಿಗೆ ನಿಂತಿದ್ದ ಫೋರ್ಕ್‌ಲಿಫ್ಟನ್ನು ತೋರಿಸಿದರು.

"ಈ ಗಾಡಿ ಮುಂದ ಅಷ್ಟು ಮಾಲು ಎತ್ತತೈತಿ. ಮುಗ್ಗರಸೂದಿಲ್ಲ. ಯಾಕ? ಹಿಂದ ಕಬ್ಬಿಣದ ತೂಕ ಹಾಕ್ಯಾರ. ನಿನಗ ಹಿಂದ ಏನೈತಿ?" ಎಂದವರು ತಾವೇ ಕೆಂಪಗಾಗಿ, ಮೂರು ಸಲ ಕೆಮ್ಮಿ, ಬೇಗ ಮುಂದುವರಿಸಿದರು. "ಏನೂ ಇಲ್ಲ. ಅದಕ್ಕ ನೀ ಬೆನ್ನ ಹಿಂದ ಬಾಗಿಸಿ ಅದನ್ನ ತೂಕ ಮಾಡ್ಕೊಂಡೀದಿ. ಪಾಪ, ಅದೆಷ್ಟಂತ ತಡೀತೈತಿ."

ನಾಲ್ಕು ಮಾತಿನಲ್ಲಿ ಡಾಕ್ಟರಮ್ಮನ ಹಾಳೆ ಪೂರ್ತಿ ನನಗೆ ಅರ್ಥವಾಯಿತು. ಕ್ಲಿಪ್‌ಬೋರ್ಡನ್ನು ನೆಟ್ಟಗೆ ಮಾಡಿಕೊಂಡೆ. "ಕಾಕಾ, ಫಾರಂ ಬರೀತೀರಾ?" ಎಂದೆ.

ಅವರು ಜೇಬಿನಿಂದ ಫಾರಂ ತೆಗೆದು ಮೇಲಿಂದ ಕೆಳಗೆ ಓದಿದರು. ಬಿದ್ದದ್ದು, ಜಾರಿದ್ದು, ತಗುಲಿದ್ದು, ಎತ್ತಿದ್ದು. "ನಿಂದು ಇದರಾಗ ಬರೂದಿಲ್ಲ," ಎಂದರು. ಮತ್ತೆ ಮಡಿಸಿ ಇಟ್ಟರು. "ಆದ್ರ ನೀ ನೋವು ಅಂತ ಬಾಯಿಬಿಟ್ಟ ಹೇಳಿದ್ರ ಬರೀಬೇಕಾಗತೈತಿ. ನಾ ಕೇಳೂದಿಲ್ಲ. ನೀ ಹೇಳಬ್ಯಾಡ."

ಅಂದಿನಿಂದ ಎರಡು ತಿಂಗಳು ನಾವಿಬ್ಬರೂ ಆ ಮಾತು ಆಡಲಿಲ್ಲ. ಬೆಳಗ್ಗೆ ಅವರು ಫೋರ್ಕ್‌ಲಿಫ್ಟುಗಳನ್ನು ತಪಾಸಣೆ ಮಾಡುತ್ತಾ ಬಂದು ಸಾಲಿನ ಕೊನೆಗೆ ನನ್ನನ್ನೂ ಮಾಡುತ್ತಿದ್ದರು.

"ಗಾಡಿ ಹೆಂಗೈತಿ ಇವತ್ತ?"

"ಹಿಂದಿನ ಎಡ ಚಕ್ರ ಕಿರುಗುಡ್ತಿದೆ ಕಾಕಾ."

"ಎಷ್ಟು ತಾಸು ಓಡೇತಿ?"

"ಮೂರು."

"ಹಂಗಾರ ಹತ್ತು ನಿಮಿಷ ಬಂದ್ ಮಾಡು."

ನಿಲ್ಲುವ ಕಡೆಯೆಲ್ಲ ನಾಲ್ಕು ಇಂಚಿನ ಮರದ ತುಂಡುಗಳು ಪ್ರತ್ಯಕ್ಷವಾದವು. ಒಂದು ಕಾಲು ಅದರ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು. ಕಾರಿನ ಸೀಟಿಗೆ ಟವೆಲ್ಲು ಸುತ್ತಿ ಸೊಂಟದ ಹಿಂದೆ ಇಡಲು ಹೇಳಿದರು. ಎತ್ತರದ ಹಿಮ್ಮಡಿಯ ನನ್ನ ಬೂಟುಗಳನ್ನು ನೋಡಿ ಅವರ ಮುಖದಲ್ಲಿ ಬಂದ ನೋವನ್ನು ನಾನು ಇನ್ನೂ ಮರೆತಿಲ್ಲ. ಪಾರ್ಕಿಂಗಿನಲ್ಲಿ ಐಸ್ ಕಟ್ಟಿದಾಗ ಸಣ್ಣ ಸಣ್ಣ ಹೆಜ್ಜೆ ಇಡುವುದನ್ನು ಕಲಿಸಲು ತಾವೇ ಮುಂದೆ ನಡೆದರು. ಆಫೀಸಿನ ಕಿಟಕಿಯಿಂದ ನೋಡಿದವರಿಗೆ ಬಾತುಕೋಳಿಗಳ ಮೆರವಣಿಗೆ ಕಂಡಿತಂತೆ. ಡಾಕ್ಟರಮ್ಮನ ಹಾಳೆಯ ಪ್ರತಿ ಕೇಳಿ ಪಡೆದು, ಫೈಲಿನಲ್ಲಿ ತಯಾರಕರ ಸೂಚನೆ ಎಂಬ ಭಾಗದಲ್ಲಿ ಇಟ್ಟುಕೊಂಡರು.

ಸಂಕ್ರಾಂತಿಗೆ ಲೆಮಾಂಟಿನ ದೇವಸ್ಥಾನಕ್ಕೆ ಹೋಗುತ್ತೇನೆ ಎಂದಾಗಲೂ ಬಿಡಲಿಲ್ಲ. "ಅಡ್ಡ ಬೀಳಬ್ಯಾಡ ಮತ್ತ. ನಿಂತು ಕೈ ಮುಗದ್ರ ಸಾಕು. ನಮ್ಮಾಕಿ ಆ ಟೈಮಿನಾಗ ಕುರ್ಚಿ ಮ್ಯಾಲ ಕುಂತ ನಮಾಜ್ ಮಾಡತಿದ್ಲು, ಅಲ್ಲಾ ಏನೂ ಅನ್ನಲಿಲ್ಲ. ನಿಮ್ಮ ದೇವ್ರೂ ಏನೂ ಅನ್ನೂದಿಲ್ಲ." ದೇವರು ಏನಾದರೂ ಅಂದಿದ್ದರೆ ಅವನಿಗೂ ಫಾರಂ ಕಳಿಸುತ್ತಿದ್ದರು ಎಂದು ನನಗೆ ಖಾತ್ರಿ ಇದೆ.

ಇಷ್ಟೆಲ್ಲ ಮಾಡಿದರೂ ಏಳನೇ ತಿಂಗಳಿಗೆ ಚಕ್ರ ಎರಡೂ ಕಡೆ ಕಿರುಗುಟ್ಟತೊಡಗಿತು. ಕಾಕಾಗೆ ಇದು ಬಿಡಿಸಲಾಗದ ಲೆಕ್ಕವಾಯಿತು. ತುಂಡು ಇಟ್ಟಾಯಿತು, ಟವೆಲ್ಲು ಇಟ್ಟಾಯಿತು, ಮತ್ತೆ ಯಾಕೆ? ಮಾಲು ಹೊರುವವನ ಕಷ್ಟ ತಿಳಿಯಬೇಕಾದರೆ ಮಾಲು ಹೊರಬೇಕು ಎಂಬುದು ಅವರ ಹಳೆಯ ಪಾಠ. ಪ್ರತಿ ಹೊಸ ಪೆಟ್ಟಿಗೆಯನ್ನೂ ಕೆಲಸಗಾರರಿಗೆ ಕೊಡುವ ಮುಂಚೆ ತಾವು ಎತ್ತಿ ನೋಡುತ್ತಿದ್ದರು. ಫೆಬ್ರವರಿಯ ಒಂದು ಬೆಳಗ್ಗೆ, ಬೋರ್ಡಿನ ಮೇಲೆ ಮುನ್ನೂರ ಅರವತ್ತೊಂದು ಇದ್ದ ದಿನ, ಅವರು ಮನೆಯ ಅಡುಗೆಕೋಣೆಯಿಂದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎತ್ತಿಕೊಂಡು ಬಂದರು.

ನನಗೆ ಹೇಳಿರಲಿಲ್ಲ. ಪ್ಯಾಲೆಟ್ಟು ಎಂಬ ಮರದ ಹಲಗೆಯ ಮೇಲೆ ಪೆಟ್ಟಿಗೆ ಅಲ್ಲಾಡದಂತೆ ಸುತ್ತುವ ಪ್ಲಾಸ್ಟಿಕ್ ಹಾಳೆ ಗೋದಾಮಿನಲ್ಲಿ ಸುರುಳಿಗಟ್ಟಲೆ ಇರುತ್ತದೆ. ಅದನ್ನೇ ಸುತ್ತಿ ಸುತ್ತಿ ಚೀಲವನ್ನು ಹೊಟ್ಟೆಗೆ ಬಿಗಿದುಕೊಂಡು, ಮೇಲೆ ಕಿತ್ತಳೆ ಜಾಕೆಟ್ಟು ತೊಟ್ಟು ದಿನದ ಸುತ್ತು ಶುರುಮಾಡಿದ್ದರು. ಕಂಡವರು ಕಾಕಾ ಚಳಿಗಾಲದಲ್ಲಿ ಚೆನ್ನಾಗಿ ತಿಂದಿದ್ದಾರೆ ಎಂದುಕೊಂಡರು. ಒಬ್ಬ ಫೋರ್ಕ್‌ಲಿಫ್ಟ್ ಚಾಲಕ ಮಾತ್ರ ಒಂದೇ ವಾರಾಂತ್ಯದಲ್ಲಿ ಇಷ್ಟು ಹೇಗೆ ಸಾಧ್ಯ ಎಂದು ಕೇಳಿದನಂತೆ.

ಮಧ್ಯಾಹ್ನ ಎರಡಕ್ಕೆ ನನ್ನ ಮೇಜಿಗೆ ಫೋನು ಬಂತು. ಮಾಲು ಇಳಿಸುವ ಡಾಕಿನಿಂದ ಕಾಕಾ.

"ಯವ್ವಾ, ಗೊತ್ತಾತು. ಎಲ್ಲಾ ಗೊತ್ತಾತು. ಮಧ್ಯಾಹ್ನದ ಮ್ಯಾಲ ಬೆನ್ನು ತಾನ ಹಿಂದ ಹೋಗತೈತಿ, ನಾವು ಬ್ಯಾಡ ಅಂದ್ರೂ ಕೇಳೂದಿಲ್ಲ."

"ಏನ್ ಕಾಕಾ, ಏನ್ ಹೇಳ್ತಿದೀರ?"

"ಒಂದು ಸಣ್ಣ ವಿಷಯ. ನನಗ ಮ್ಯಾಲ ಏಳಾಕ ಆಗವಲ್ದು. ಯಾರಿಗೂ ಹೇಳದ ಬಾ. ಓಡಬ್ಯಾಡ."

ಹೋಗಿ ನೋಡಿದರೆ ಕಾಕಾ ಡಾಕಿನ ಮೂಲೆಯಲ್ಲಿ ಫೋನಿನ ಪಕ್ಕ ಗೋಡೆಗೆ ಕೈಕೊಟ್ಟು ಅರ್ಧಕ್ಕೆ ಮಡಚಿಕೊಂಡು ನಿಂತಿದ್ದರು. ಪೆನ್ನು ಬಿದ್ದಿತ್ತು. ಲಿಫ್ಟಿನ ಹಾಗೆ ಇಳಿಯಲು ಹೋದರೆ ಚೀಲ ತೊಡೆಗೆ ಅಡ್ಡ. ಪಾದ ಎಲ್ಲಿದೆಯೋ ಕಾಣಲಿಲ್ಲ. ಇಡೀ ನೌಕರಿಯಲ್ಲಿ ಮೊದಲ ಸಲ ಸೊಂಟ ಬಗ್ಗಿಸಿದರು. ಅದು ಕಟಕ್ಕೆಂದು ಅಲ್ಲೇ ಹಿಡಿದುಕೊಂಡಿತು. ನಾನು ಪೆಟ್ಟಿಗೆ ಕೊಯ್ಯುವ ಚಾಕುವಿನಿಂದ ಪ್ಲಾಸ್ಟಿಕ್ಕು ಕತ್ತರಿಸಲು ಹೋಗಿ, ಅದರ ಜೊತೆಗೆ ಚೀಲವನ್ನೂ ಕತ್ತರಿಸಿದೆ. ಸೋನಾ ಮಸೂರಿ ಸುರಿಯಿತು.

"ಅಕ್ಕಿ ಬಿತ್ತು," ಎಂದರು ಕಾಕಾ, ನೆಲ ನೋಡುತ್ತಲೇ. ಅವರಿಗೆ ಆಗ ಕಾಣುತ್ತಿದ್ದದ್ದು ನೆಲ ಒಂದೇ. "ಯಾರರ ಜಾರಿ ಬಿದ್ದಾರು. ಮೊದ್ಲು ಹಳದಿ ಕೋನ್ ಇಡು."

"ಕಾಕಾ, ನಿಮ್ಮ ಸೊಂಟ."

"ಸೊಂಟ ಎಲ್ಲಿಗೂ ಹೋಗೂದಿಲ್ಲ. ಕೋನ್ ಇಡು."

ನಾಲ್ಕು ಕೋನ್ ಇಟ್ಟೆ. ಕಾಕಾ, ನಾನು, ಅಕ್ಕಿ ಮೂವರೂ ಕೋನುಗಳ ಒಳಗೆ ನಿಂತಿದ್ದೆವು. ಸುತ್ತ ಯಾರೂ ಇರಲಿಲ್ಲ. ಆಗ ನಾನು ಹೇಳಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಕಾಕಾ, ಯಾರೂ ನೋಡಿಲ್ಲ. ಇನ್ನು ನಾಲ್ಕೇ ದಿನ. ಸುಮ್ಮನೆ ಮನೆಗೆ ಹೋಗಿ ಮಲಗಿ. ಜ್ವರ ಅಂದರಾಯ್ತು." ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಫಾರಂ ಬರೆದರೆ ಕಾರಣ ಬರೆಯಬೇಕು. ಕಾರಣ ಬರೆದರೆ ನಾನು ಸಿಕ್ಕಿಬೀಳುತ್ತೇನೆ.

ಕಾಕಾ ಜೇಬಿನಿಂದ ಫಾರಂ ಎಳೆದರು. "ನಾ ನೋಡೀನಲ್ಲ," ಎಂದರು. ಅದರ ಮಡಿಕೆ ಬಿಚ್ಚುತ್ತಾ, "ನೀ ಹೆದರಬ್ಯಾಡ," ಎಂದೂ ಸೇರಿಸಿದರು.

ಫಾರಂ ಅವರೇ ಬರೆದರು. ಬಗ್ಗಿದ ಭಂಗಿಯಲ್ಲಿ ಪ್ಯಾಲೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು, ಬಿದ್ದ ಅದೇ ಪೆನ್ನಿನಿಂದ. ಗಾಯವಾದವರು: ತಾವು. ಜಾಗ: ಬೆನ್ನಿನ ಕೆಳಭಾಗ. ಕಾರಣ: ಅಕ್ಕಿ. ಅಷ್ಟೇ. ಗೋದಾಮಿನ ಮ್ಯಾನೇಜರು ಆರಡಿ ಎತ್ತರದ, ಮಾತು ಕಡಿಮೆಯ ಹೆಂಗಸು. ಅವರು ಆ ಹಾಳೆ ಹಿಡಿದು ಅಕ್ಕಿ ಎಂದರೇನು, ಯಾವ ಅಕ್ಕಿ, ನಾವು ಅಕ್ಕಿ ದಾಸ್ತಾನು ಮಾಡುವುದೇ ಇಲ್ಲವಲ್ಲ ಎಂದು ಎಷ್ಟು ಕೇಳಿದರೂ ಕಾಕಾ ಅಕ್ಕಿಯಿಂದ ಆಚೆ ಒಂದು ಮಾತು ಆಡಲಿಲ್ಲ.

ಮೂರು ಗಂಟೆಗೆ ಶಿಫ್ಟ್ ಬದಲಾಗುತ್ತದೆ. ಹೋಗುವವರು, ಬರುವವರು ಎಲ್ಲ ಊಟದ ಕೋಣೆಯ ಮುಂದೆ ಇದ್ದರು. ಸುದ್ದಿ ಆಗಲೇ ಹಬ್ಬಿ, ಯಾರ ಮುಖದಲ್ಲೂ ಕಳೆ ಇರಲಿಲ್ಲ. ಷಿಕಾಗೋದ ಫೆಬ್ರವರಿಯಲ್ಲಿ ಉಣ್ಣೆಯ ಜಾಕೆಟ್ಟು ಕಳೆದುಕೊಂಡವರ ಮುಖ ಅದು. ನಾಳೆ ಬೆಳಗ್ಗೆ ಬದಲಿಸಿದರೂ ಆಗುತ್ತಿತ್ತು. ಆದರೆ ಕಾಕಾ ಮೂರು ಸೊನ್ನೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಲ ನೋಡುತ್ತಾ, ಬೋರ್ಡಿನ ಕೆಳಗೆ ಬಂದು ನಿಂತರು. ಕೈ ಮೇಲೆತ್ತಿದರು. ಕೈ ಎದೆಯ ಮಟ್ಟಕ್ಕೆ ನಿಂತಿತು. ಮತ್ತೆ ಎತ್ತಿದರು, ಮತ್ತೆ ನಿಂತಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಸಿಟ್ಟಿನಿಂದಲೋ, ಆ ಅಧಿಕಾರ ಅವರೊಬ್ಬರದೇ ಎಂಬ ಅಭ್ಯಾಸದಿಂದಲೋ.

ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಸೊನ್ನೆಗಳನ್ನು ಇಸಿದುಕೊಂಡೆ. ಕೊಕ್ಕೆ ನನಗೆ ಎಟುಕುವಂತಿತ್ತು, ಆದರೆ ಹೊಟ್ಟೆ ಗೋಡೆಗೆ ಮೊದಲು ತಾಗಿತು. ಬೆನ್ನು ಹಿಂದಕ್ಕೆ ಬಾಗಿಸಿ, ತುದಿಗಾಲಲ್ಲಿ ನಿಂತು ಮೂರು, ಆರು, ಒಂದು ತೆಗೆದೆ. ಮೊದಲ ಸೊನ್ನೆ ಹಾಕಿದೆ. ಎರಡನೆಯದು ಹಾಕಿದೆ. ಮೂರನೆಯದಕ್ಕೆ ಕೈ ಚಾಚಿದಾಗ ಸೊಂಟದಲ್ಲಿ ಮಿಂಚು ಹೊಡೆಯಿತು. ಬಾಯಿಂದ ಅಮ್ಮಾ ಬಂತು. ಎರಡು ತಿಂಗಳು ಜೋಪಾನವಾಗಿ ಕಟ್ಟಿಹಾಕಿದ್ದ ಎರಡು ಕೈಯೂ ಒಟ್ಟಿಗೆ ಸೊಂಟಕ್ಕೆ ಹೋದವು. ಸೊನ್ನೆ ನೆಲದ ಮೇಲೆ ಗಿರಗಿರ ತಿರುಗಿ ಮಲಗಿತು.

ಎರಡು ಶಿಫ್ಟಿನ ಜನ ನೋಡುತ್ತಿದ್ದರು. ಬೋರ್ಡಿನ ಕೆಳಗೆ ಸೊಂಟ ಹಿಡಿದುಕೊಂಡು ಹಿಂದಕ್ಕೆ ಬಾಗಿದ ನಾನು, ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಮುಂದಕ್ಕೆ ಬಾಗಿದ ಕಾಕಾ. ಮೊದಲು ನಕ್ಕದ್ದು ಆ ಫೋರ್ಕ್‌ಲಿಫ್ಟ್ ಚಾಲಕ. ಆಮೇಲೆ ಎಲ್ಲರೂ. ಕಾಕಾ ನೆಲದ ಕಡೆಗೇ ನಗುತ್ತಿದ್ದದ್ದು ಅವರ ಹೆಗಲಿನಿಂದ ಗೊತ್ತಾಯಿತು. ನಾನು ಮಾತ್ರ ನಗಲಿಲ್ಲ. ಜನರ ನಡುವಿನಿಂದ ಮ್ಯಾನೇಜರು ಬರುತ್ತಿದ್ದರು.

ಎಷ್ಟು ದಿನದಿಂದ ಎಂದು ಕೇಳಿದರು. ಮನೆಗೆ ಕಳಿಸಬೇಡಿ ಎಂದಷ್ಟೇ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ನಿನ್ನನ್ನು ಮನೆಗೆ ಕಳಿಸಿದರೆ ಆ ಸ್ಕ್ಯಾನರುಗಳನ್ನು ನಾನು ಶುರುಮಾಡಲೇ ಎಂದರು. ನಾನು ಮೂವರನ್ನು ಹೆತ್ತಿದ್ದೇನೆ, ನೀನು ನವೆಂಬರಿನ ಥ್ಯಾಂಕ್ಸ್‌ಗಿವಿಂಗಿನಿಂದ ನಡೆಯುತ್ತಿರುವ ರೀತಿ ನೋಡಿ ಗೊತ್ತಿತ್ತು, ಕುರ್ಚಿ ಬೇಕೆಂದು ನೀನೇ ಕೇಳುತ್ತೀಯ ಎಂದು ಕಾದೆ ಎಂದರು. ಮಾರ್ಚಿನಲ್ಲಿ ಕೂತೇ ಕೆಲಸ ಮಾಡು, ಸ್ಕ್ಯಾನರ್ ಹಿಡಿದು ಓಡಾಡಲು ಬೇರೆಯವರಿದ್ದಾರೆ ಎಂದೂ ಹೇಳಿ, ಬಿದ್ದ ಸೊನ್ನೆಯನ್ನು ತಾವೇ ಎತ್ತಿ ಕೊಕ್ಕೆಗೆ ಹಾಕಿ ಹೋದರು. ಎರಡು ತಿಂಗಳು ಯಾವ ಭೂತಕ್ಕೆ ಹೆದರಿದ್ದೆನೋ ಅದು ನಾನೇ ಮಾಡಿಟ್ಟ ಭೂತ ಎಂದು ತಿಳಿದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಂಜೆ ಕಾಕಾರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅವರ ಮನೆಗೆ ಬಿಟ್ಟೆ. ಅವರ ಹೆಂಡತಿ ಬಾಗಿಲು ತೆಗೆದರು. ಬೆಳಗ್ಗೆಯಿಂದ ಅಕ್ಕಿ ಚೀಲ ಹುಡುಕಿ ಸಾಕಾಗಿ, ಮಧ್ಯಾಹ್ನ ಬ್ರೆಡ್ಡು ತಿಂದಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಗಂಡನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು.

"ನಾಲ್ಕು ಮಕ್ಕಳನ್ನ ಹಡದೇನಿ," ಎಂದರು. "ಒಂದು ದಿನರ ಒಂದು ಪಾವು ಅಕ್ಕಿ ಕಟಗೊಂಡ ನೋಡಿದ್ರೇನು ಇವ್ರು?"

ಕಾಕಾ ಸೋಫಾದ ಮೇಲೆ ಕಣ್ಣು ಮುಚ್ಚಿಕೊಂಡರು. "ಅವಾಗ ನನಗ ಟ್ರೇನಿಂಗ್ ಆಗಿರಲಿಲ್ಲ," ಎಂದರು. ಹೆಂಡತಿ ನಕ್ಕು ಬಿಸಿನೀರಿನ ಚೀಲ ತರಲು ಹೋದರು. ನನಗೂ ಒಂದು ತಂದರು. ಅರ್ಧ ಗಂಟೆ ನಾವಿಬ್ಬರೂ ಎದುರುಬದುರು ಸೋಫಾದಲ್ಲಿ ಸೊಂಟ ಕಾಯಿಸಿಕೊಂಡೆವು.

ಎರಡು ದಿನ ರಜೆ ಹಾಕಿ ಮಲಗಿರಿ ಎಂದರೂ ಕೇಳದೆ ಕಾಕಾ ಮಾರನೆಯ ಬೆಳಗ್ಗೆ ಹೆಂಡತಿಯ ಕಾರಿನಲ್ಲಿ ಬಂದರು. ನನಗೂ ಬೇಗ ಬರಲು ಹೇಳಿದ್ದರು. ವಿಷಯ ಹೊರಗೆ ಬಂದ ಮೇಲೆ ಇನ್ನು ಮುಚ್ಚುವುದು ಏನಿದೆ, ನಿನ್ನದನ್ನೂ ಬರೆದುಬಿಡೋಣ ಎಂದಿದ್ದರು. ಏಳಕ್ಕೆ ಹತ್ತು ನಿಮಿಷ ಇದ್ದಾಗ ಅವರ ಕೋಣೆಯ ಹತ್ತಿರ ಹೋದರೆ ಹೊರಗೆ ಸಾಲು ನಿಂತಿತ್ತು. ಜಾಕೆಟ್ಟು ಹೋದ ಸಿಟ್ಟಿಗೆ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಫೋರ್ಕ್‌ಲಿಫ್ಟ್ ಚಾಲಕ ನನಗೆ ಮುಂದೆ ಜಾಗ ಬಿಟ್ಟುಕೊಟ್ಟ. ಅವನ ಎಡ ಹೆಗಲು ಅಕ್ಟೋಬರಿನ ಹ್ಯಾಲೋವೀನ್‌ನಿಂದ ಮೇಲೆ ಏಳುತ್ತಿರಲಿಲ್ಲವಂತೆ. ಹಿಂದಿದ್ದ ಪ್ಯಾಕಿಂಗಿನ ಹೆಂಗಸಿಗೆ ಮಣಿಕಟ್ಟು. ಅವಳ ಹಿಂದಿದ್ದವನಿಗೆ ಹಿಮ್ಮಡಿ. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದೆ. ಬೋರ್ಡು ಎಂದರು. ತಮ್ಮಿಂದ ಸೊನ್ನೆ ಬಂತು ಎನ್ನಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ.

ಕಾಕಾ ಗೋಡೆ ಹಿಡಿದು ನಿಧಾನವಾಗಿ ಬಂದರು. ಸಾಲನ್ನು ನೋಡಿದರು. ಒಬ್ಬೊಬ್ಬರೂ ತಮ್ಮದು ಏನೆಂದು ಹೇಳುತ್ತಾ ಹೋದರು. ಕಾಕಾ ಕೊನೆಯವನವರೆಗೂ ಕೇಳಿಸಿಕೊಂಡರು. ಆಮೇಲೆ ಒಳಗೆ ಬಂದು, ಕೂರಲಾಗದೆ ಮೇಜಿಗೆ ಒರಗಿ ನಿಂತರು. ಅವರ ಮುಖ ಸಣ್ಣದಾಗಿತ್ತು.

"ಹಂಗಾರ ಇಷ್ಟು ದಿನ ನಾ ಎಣಿಸಿದ್ದು ಏನವಾ?" ಎಂದರು.

ಎಣಿಸಿದ್ದರಲ್ಲಿ ಎರಡು ತಿಂಗಳು ನನ್ನದೂ ಇತ್ತು. ಅವರು ಕಪಾಟಿನಿಂದ ಫಾರಮ್ಮುಗಳ ಕಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟರು. ನನಗೆ ಕುರ್ಚಿ ಎಳೆದುಕೊಟ್ಟರು. ಎತ್ತರ ಸರಿಯಾಗಿದೆಯೇ ಎಂದು ನೋಡಿದರು. ಮೇಲಿನ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಗಾಡಿ, ಚಕ್ರ ಯಾವುದನ್ನೂ ಎತ್ತದೆ ಕೇಳಿದರು.

"ಹೇಳವಾ. ನೋವು ಎಲ್ಲೈತಿ?"

ಹೇಳಿದೆ. ಎಲ್ಲಿ ಶುರುವಾಗಿ ಎಲ್ಲಿಗೆ ಇಳಿಯುತ್ತದೆ, ಬೆಳಗ್ಗೆ ಎಷ್ಟು, ಸಂಜೆ ಎಷ್ಟು, ಕಾರಿನಿಂದ ಇಳಿಯುವಾಗ ಹೇಗೆ, ಸಾಕ್ಸ್ ಹಾಕಿಕೊಳ್ಳಲು ಆಗದೆ ಎಷ್ಟು ದಿನ ಹಾಗೇ ಬೂಟು ಹಾಕಿಕೊಂಡು ಬಂದೆ, ಎಲ್ಲ. ಹೇಳುತ್ತಾ ಅಳುವೂ ಬಂತು, ಅದನ್ನೂ ತಡೆಯಲಿಲ್ಲ. ಕಾಕಾ ತಲೆ ಎತ್ತದೆ ಬರೆದುಕೊಂಡರು. ಕಾಲಂ ತುಂಬಿತು. ಅವರು ಹಾಳೆ ತಿರುವಿ ಹಿಂಬದಿಗೆ ಬರೆಯತೊಡಗಿದರು.